ಸಾದಾ ಫೋನ್ ಇರುವ ಅಜ್ಜ-ಅಜ್ಜಿಯರ ಜಾಗ ಮಾರಿಸುವಾಗ ಅರ್ಜಿಗೆ ಯಾರ ನಂಬರ್ ಹಾಕುತ್ತೀರಿ?

ನವನಗರದ ಮಗಳು (ಬಾಗಲಕೋಟೆ) – ಸೋಮವಾರ ರಾತ್ರಿ

ಎಲ್ಲರಿಗೂ ನಮಸ್ಕಾರ. ನಾನು ಬಾಗಲಕೋಟೆಯಲ್ಲಿ ಮನೆ, ಪ್ಲಾಟು ಕೊಡಿಸುವ, ಮಾರಿಸುವ ಕೆಲಸ ಮಾಡುತ್ತೇನೆ. ಮೊದಲು ನಮ್ಮ ಅಪ್ಪ ಮಾಡುತ್ತಿದ್ದರು. ಅವರ ಹತ್ತಿರ ಒಂದು ಉದ್ದನೆಯ ನೋಟ್‌ಬುಕ್ಕು, ಒಂದು ಸೈಕಲ್ಲು ಇದ್ದವು. ನನ್ನ ಹತ್ತಿರ ಎರಡು ಫೋನು, ಒಂದು ಲ್ಯಾಪ್‌ಟಾಪು ಇವೆ. ಆದರೆ ಬಾಗಿಲಿಗೆ ಬರುವವರಲ್ಲಿ ಬಹಳ ಮಂದಿ ಈಗಲೂ ಅಪ್ಪನ ಕಾಲದವರೇ. ಆಲಮಟ್ಟಿ ಹಿನ್ನೀರಿಗೆ ಹಳೇ ಬಾಗಲಕೋಟೆ ಮುಳುಗಡೆಯಾದಾಗ ನವನಗರದಲ್ಲಿ ಪ್ಲಾಟು ಸಿಕ್ಕವರು. ಈಗ 70, 75 ದಾಟಿದ್ದಾರೆ. ಕೈಯಲ್ಲಿ ಗುಂಡಿ ಒತ್ತುವ ಸಾದಾ ಫೋನು. ಕೆಲವರ ಹತ್ತಿರ ಅದೂ ಇಲ್ಲ.

ಹೋದ ತಿಂಗಳು ಒಬ್ಬ ಅಜ್ಜಿಯ ಪ್ಲಾಟು ಮಾರಾಟಕ್ಕೆ ಬಂತು. ಗಂಡ ತೀರಿಕೊಂಡಿದ್ದಾರೆ. ಮಕ್ಕಳೆಲ್ಲ ಹಕ್ಕುಬಿಡುಗಡೆ ಪತ್ರ ಮಾಡಿಕೊಟ್ಟು ಖಾತೆ ಅಜ್ಜಿಯ ಹೆಸರಿಗೇ ಆಗಿದೆ. ಕಾಗದದಲ್ಲಿ ಏನೂ ತಕರಾರಿಲ್ಲ. ಗಿರಾಕಿ ಸಿಕ್ಕರು, ರೇಟು ಕುದುರಿತು. ಆಸ್ತಿ ನೋಂದಣಿಯ ಸರಕಾರಿ ವೆಬ್‌ಸೈಟು ಕಾವೇರಿ 2.0ದಲ್ಲಿ ನಾನೇ ಕೂತು ಅರ್ಜಿ ತುಂಬಿದೆ. ಅಜ್ಜಿಯ ಹೆಸರಿನ ಮುಂದೆ ಮೊಬೈಲ್ ನಂಬರ್ ಕೇಳಿತು. ಸುಮ್ನೆ ನನ್ನದೇ ಹಾಕಿದೆ. ಮೆಸೇಜು, ಒಟಿಪಿ ಎಲ್ಲ ನನಗೇ ಬಂದರೆ ಕೆಲಸ ಬೇಗ ಆಗುತ್ತದೆ, ಅಲ್ವಾ? ಅಜ್ಜಿಗೆ ಪ್ರತಿ ಸಲ ಹೇಳಿದ್ದು ಒಂದೇ ಮಾತು, "ಎಲ್ಲಾ ಆಗೈತಿ ಅಜ್ಜಿ, ನೀವು ಬಂದು ಹೆಬ್ಬೆಟ್ಟು ಒತ್ತಿದರೆ ಸಾಕು."

ನೋಂದಣಿಗೆ ಮೂರು ದಿನ ಇರುವಾಗ ಅಜ್ಜಿಯ ಮಗಳು ಹುಬ್ಬಳ್ಳಿಯಿಂದ ಬಂದರು. ಪ್ರಿಂಟು ನೋಡಿ ಕೇಳಿದರು: "ನಮ್ಮವ್ವನ ಹೆಸರಿನ ಮುಂದ ಇರೋದು ಯಾರ ನಂಬರ್?"

ನನ್ನ ಬಾಯಿಂದ ಉತ್ತರ ಬರಲಿಲ್ಲ. ನಾನು ಒಂದು ರೂಪಾಯಿ ಮೋಸ ಮಾಡಿಲ್ಲ. ಆದರೆ ಮಾಡಬೇಕು ಅಂದಿದ್ದರೆ ಎಲ್ಲವೂ ನನ್ನ ಕೈಯಲ್ಲೇ ಇತ್ತು. ಅಜ್ಜಿ ಮಗಳಿಗೆ "ಇರಲಿ ಬಿಡ, ನಮ್ಮ ಹುಡುಗಿ ಐತಿ" ಅಂದರು. ಆ ಮಾತು ಕೇಳಿ ನನಗೆ ಇನ್ನೂ ಜಾಸ್ತಿ ಸಂಕಟವಾಯಿತು. ನೋಂದಣಿಗೆ ಗೊತ್ತಾಗಿದ್ದ ಸ್ಲಾಟ್ ಮುಂದಕ್ಕೆ ಹಾಕಿಸಿದ್ದೇನೆ.

ಈ ಕೆಲಸದಲ್ಲಿರುವವರು, ಇಂಥ ಹಿರಿಯರ ಮಕ್ಕಳು, ದಯವಿಟ್ಟು ಹೇಳಿ. ನೀವು ಹೇಗೆ ಮಾಡುತ್ತೀರಿ?

ಘಟಪ್ರಭಾ ದಂಡೆ (ಗೋಕಾಕ) – ಸೋಮವಾರ ರಾತ್ರಿ

ತಂಗಿ, ನಾನು 14 ವರ್ಷದಿಂದ ಇದೇ ಕೆಲಸದಲ್ಲಿದ್ದೇನೆ. ನನ್ನ ನಂಬರೇ ಹಾಕುತ್ತೇನೆ. ಇಲ್ಲದಿದ್ದರೆ ಕೆಲಸ ಆಗುವುದಿಲ್ಲ. ಒಟಿಪಿ ಬಂದು ಕೆಲವೇ ನಿಮಿಷ ಇರುತ್ತದೆ. ಹಳ್ಳಿಯಲ್ಲಿರುವ ಅಜ್ಜನಿಗೆ ಫೋನ್ ಮಾಡಿ "ಮೆಸೇಜು ಬಂತೇನು ನೋಡ್ರಿ" ಅಂದರೆ ಅವರು ಫೋನ್ ಕಟ್ ಮಾಡಿ ಮೆಸೇಜು ಹುಡುಕಬೇಕು. ಅದು ಇಂಗ್ಲಿಷಿನಲ್ಲಿರುತ್ತದೆ. ಮೊಮ್ಮಗ ಶಾಲೆಗೆ ಹೋಗಿರುತ್ತಾನೆ. ಅಷ್ಟರಲ್ಲಿ ಟೈಮ್ ಮುಗಿಯುತ್ತದೆ. ನಂಬಿಕೆ ಇರುವುದಕ್ಕೇ ಅವರು ನಮ್ಮ ಹತ್ತಿರ ಬರುತ್ತಾರೆ. ನಂಬಿಕೆ ಉಳಿಸಿಕೊಂಡರೆ ಸಾಕು.

ಜಮಖಂಡಿ ತವರು (ಈಗ ಪುಣೆ) – ಮಂಗಳವಾರ ಬೆಳಿಗ್ಗೆ

ಘಟಪ್ರಭಾ ಅಣ್ಣ, ನಿಮ್ಮ ಬಗ್ಗೆ ಅಲ್ಲ ಈ ಮಾತು. ಆದರೆ ನಂಬಿಕೆ ಇದ್ದರೆ ಸಾಕು ಅನ್ನುವುದನ್ನು ನಾನು ಒಪ್ಪಲಾರೆ.

ನಾಲ್ಕು ವರ್ಷದ ಹಿಂದೆ ನಮ್ಮ ಅಪ್ಪಾಜಿ ಊರಂಚಿನ 6 ಗುಂಟೆ ಜಾಗ ಮಾರಿದರು. ಏಜೆಂಟರು ಪರಿಚಯದವರೇ. ಅಪ್ಪಾಜಿಗೆ ಸ್ಮಾರ್ಟ್‌ಫೋನ್ ಇಲ್ಲ. ಪಕ್ಕದ ಜಾಗ ಎಷ್ಟಕ್ಕೆ ಹೋಯಿತು, ಎದುರಿನ ಲೇಔಟಿನ ರೇಟು ಎಷ್ಟು, ಯಾವುದೂ ಅವರಿಗೆ ಗೊತ್ತಿರಲಿಲ್ಲ. ಕೊಳ್ಳುವವರ ವಾಟ್ಸಾಪಿನಲ್ಲಿ ಅದೇ ಏಜೆಂಟರು ಎಲ್ಲ ವಿವರ ಕಳಿಸಿದ್ದರು. ಅಪ್ಪಾಜಿಗೆ ಹೇಳಿದ್ದು ಒಂದೇ ರೇಟು. ಸುಳ್ಳು ಹೇಳಲಿಲ್ಲ. ಕೊಳ್ಳುವವರಿಗೆ ಹೇಳಿದ್ದನ್ನು ಅಪ್ಪಾಜಿಗೆ ಹೇಳಲಿಲ್ಲ, ಅಷ್ಟೇ. ಆರು ತಿಂಗಳಾದ ಮೇಲೆ ಪಕ್ಕದವರು ಮಾರಿದ ರೇಟು ಕೇಳಿ ಅಪ್ಪಾಜಿ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. "ನನಗ ಯಾರೂ ಹೇಳಲಿಲ್ಲಲ್ಲವಾ" ಅಂತಲೇ ಇದ್ದರು.

ಒಬ್ಬರಿಗೆ ಫೋನಿನಲ್ಲಿ ಹತ್ತು ಫೋಟೋ, ನಕ್ಷೆ, ಉತಾರ (ಜಾಗದ ದಾಖಲೆ) ಹೋಗುತ್ತದೆ. ಇನ್ನೊಬ್ಬರಿಗೆ "ಎಲ್ಲಾ ಆಗೈತಿ" ಅನ್ನುವ ಮಾತು ಹೋಗುತ್ತದೆ. ಇಬ್ಬರೂ ನಿಮಗೆ ದಲಾಲಿ ಕೊಡುತ್ತಾರೆ. ಕೊಳ್ಳುವವರಿಗೆ ಏನು ಕಳಿಸುತ್ತೀರೋ ಅಷ್ಟನ್ನೂ ಮಾರುವವರಿಗೆ ಕಾಗದದ ಮೇಲೆ ಕೊಡಿ. ಮಗಳಾಗಿ ನಾನು ಕೇಳುವುದು ಇಷ್ಟೇ.

ಕೃಷ್ಣಾ ತೀರ – ಮಂಗಳವಾರ ಬೆಳಿಗ್ಗೆ

ಹತ್ತು ಪುಟ ಪ್ರಿಂಟು ಹಾಕಿಸಲು ಎಷ್ಟು ಖರ್ಚಾಗುತ್ತದೆ? ಅಕ್ಕ ಹೇಳಿದ್ದು ನೂರಕ್ಕೆ ನೂರು ಸರಿ.

ಶಹಾಪುರ ಗಲ್ಲಿ (ಬೆಳಗಾವಿ) – ಮಂಗಳವಾರ ಮಧ್ಯಾಹ್ನ

ನಾನು ಪತ್ರ ಬರೆಯುವವನು. ಖರೇದಿ ಪತ್ರ, ವಾಟ್ನಿ (ಪಾಲು) ಪತ್ರ, ಬಕ್ಷೀಸು (ದಾನ) ಪತ್ರ ಬರೆದು 30 ವರ್ಷಕ್ಕಿಂತ ಜಾಸ್ತಿ ಆಯಿತು. ಮೊದಲು ಕೈಯಲ್ಲಿ ಬರೆದೆ, ಆಮೇಲೆ ಟೈಪ್ ಮಾಡಿದೆ, ಈಗ ಕಂಪ್ಯೂಟರ್.

ನಾನು ಕೆಲಸ ಕಲಿಯುವಾಗ ನಮ್ಮ ಗುರುಗಳು ಒಂದು ನಿಯಮ ಹೇಳಿದ್ದರು. ಪತ್ರ ಪೂರ್ತಿ ಓದಿ ಹೇಳದೆ ಯಾರಿಂದಲೂ ಹೆಬ್ಬೆಟ್ಟು ಒತ್ತಿಸಬೇಡ. ಖಾಲಿ ಸ್ಟ್ಯಾಂಪ್ ಪೇಪರಿಗೆ ಒತ್ತಿಸಿಕೊಂಡು ಮನೆ ಹಾಳಾದ ಕಥೆ ಆಗ ಊರಿಗೊಂದು ಇದ್ದವು. ಈ ಒಟಿಪಿಯೂ ಅಂಥದ್ದೇ ಹೆಬ್ಬೆಟ್ಟು ತಂಗಿ. ಅವರದ್ದು ನಿಮ್ಮ ಫೋನಿಗೆ ಬರುವುದು ಅಂದರೆ ಅವರ ಬೆರಳು ನಿಮ್ಮ ಜೇಬಿನಲ್ಲಿದ್ದಂತೆ.

ಸಾದಾ ಫೋನಿಗೂ ಒಟಿಪಿ ಬರುತ್ತದೆ. ಅದಕ್ಕೆ ಇಂಟರ್ನೆಟ್ ಬೇಡ, ಸಾದಾ ಮೆಸೇಜು. ಹಾಗಾಗಿ "ಅವರಿಗೆ ಸ್ಮಾರ್ಟ್‌ಫೋನ್ ಇಲ್ಲ" ಅನ್ನುವುದು ಕಾರಣವೇ ಅಲ್ಲ. ನಿಜವಾದ ಕಷ್ಟ ಬೇರೆ ಕಡೆ ಇದೆ. ಆಧಾರಿಗೆ ಯಾವ ನಂಬರ್ ಜೋಡಿಸಿದ್ದಾರೆ ಕೇಳಿ ನೋಡಿ. ತೀರಿಕೊಂಡ ಗಂಡನದ್ದು, ಮುಂಬಯಿಗೆ ಹೋದ ಮಗನದ್ದು, ಎಂದೋ ಬಂದ್ ಆದ ಸಿಮ್ಮಿನದ್ದು. ಹತ್ತರಲ್ಲಿ ನಾಲ್ಕು ಸಲ ಇದೇ ಕಥೆ ನನ್ನ ಮೇಜಿಗೆ ಬರುತ್ತದೆ. ಇದನ್ನು ಸಂಚಕಾರ (ಮುಂಗಡದ ಕರಾರು) ಬರೆಯುವ ಮೊದಲೇ ನೋಡಬೇಕು. ಆಧಾರ್ ಕೇಂದ್ರದ ಸಾಲಿನಲ್ಲಿ ನಿಲ್ಲಲು ಆಗದವರಿಗೆ ಪೋಸ್ಟ್‌ಮನ್ ಇದ್ದಾರೆ. ಇಂಡಿಯಾ ಪೋಸ್ಟ್ ಪೇಮೆಂಟ್ಸ್ ಬ್ಯಾಂಕಿನ ಮೂಲಕ ಪೋಸ್ಟ್‌ಮನ್ ಮನೆಗೇ ಬಂದು ಆಧಾರಿಗೆ ಮೊಬೈಲ್ ನಂಬರ್ ಜೋಡಿಸಿಕೊಡುತ್ತಾರೆ. 2021ರಿಂದ ಈ ಸೇವೆ ಇದೆ. ಎಷ್ಟೋ ಜನರಿಗೆ ಗೊತ್ತೇ ಇಲ್ಲ.

ಇನ್ನೊಂದು ಬೆಳಗಾವಿಯ ವಿಷಯ. ನಮ್ಮ ಕಡೆ ಹಿರಿಯರ ಪೆಟ್ಟಿಗೆಯಲ್ಲಿ 1956ಕ್ಕಿಂತ ಮೊದಲಿನ, ಮುಂಬಯಿ ರಾಜ್ಯದ ಕಾಲದ ಕಾಗದ ಇರುತ್ತವೆ. ಮರಾಠಿ, ಕೆಲವು ಮೋಡಿ ಲಿಪಿ. ಈಗಿನ ಹುಡುಗರು ಅವನ್ನು ನೋಡಿ "ಇದು ಆನ್‌ಲೈನ್ ಇಲ್ಲ ಕಾಕಾ, ಉಪಯೋಗ ಇಲ್ಲ" ಅನ್ನುತ್ತಾರೆ. ಹಾಗೆ ಅನ್ನಬೇಡಿ. ಕಾವೇರಿಯಲ್ಲಿ ಇ.ಸಿ. (ಋಣಭಾರ ಪತ್ರ) ತೆಗೆದರೆ 2004ರ ಈಚಿನದ್ದು ಸಿಗುತ್ತದೆ. ಅದಕ್ಕಿಂತ ಹಿಂದಿನದ್ದಕ್ಕೆ ಕಚೇರಿಯ ಹಳೇ ಪುಸ್ತಕ ತಿರುವಬೇಕು. ಅಲ್ಲಿ ಎಲ್ಲಿ ಹುಡುಕಬೇಕು ಅನ್ನುವ ಸುಳಿವು ಇರುವುದು ಆ ಪೆಟ್ಟಿಗೆಯಲ್ಲೇ.

ವಕೀಲಿ ಕಾಗದ (ವಿಜಯಪುರ) – ಮಂಗಳವಾರ ಸಂಜೆ

ಮೇಲಿನ ಕಾಕಾ ಅವರ ಮಾತಿಗೆ ಕಾನೂನಿನ ಕಡೆಯಿಂದ ಸ್ವಲ್ಪ ಸೇರಿಸುತ್ತೇನೆ.

ನಡೆಯಲು ಆಗದ, ಹಾಸಿಗೆ ಹಿಡಿದ ಹಿರಿಯರಿಗೆ "ನಿಮ್ಮ ಪರವಾಗಿ ನಾನೇ ಹೋಗುತ್ತೇನೆ, ಒಂದು ಜಿ.ಪಿ.ಎ. (ಅಧಿಕಾರ ಪತ್ರ) ಬರೆದುಕೊಡಿ" ಅಂತ ಕೇಳುವ ರೂಢಿ ಇದೆ. ಏಜೆಂಟರು ತಮ್ಮ ಹೆಸರಿಗೆ ಜಿ.ಪಿ.ಎ. ಮಾಡಿಸಿಕೊಳ್ಳುವುದು ಒಳ್ಳೆಯ ಪದ್ಧತಿ ಅಲ್ಲ. ನೋಂದಣಿಯಾದ ಖರೇದಿ ಪತ್ರ ಇಲ್ಲದೆ ಬರೀ ಜಿ.ಪಿ.ಎ. ಮೇಲೆ ನಡೆಸುವ ಮಾರಾಟದಿಂದ ಮಾಲಿಕತ್ವ ಬರುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ. ಅದಕ್ಕಿಂತ ನೇರ ದಾರಿ ಇದೆ. 1908ರ ನೋಂದಣಿ ಕಾಯ್ದೆಯ 31 ಮತ್ತು 38ನೇ ಕಲಂ ಓದಿ. ಕಚೇರಿಗೆ ಬರಲು ಆಗದಂಥ ದೈಹಿಕ ತೊಂದರೆ ಇದ್ದರೆ, ಕಾರಣ ತೋರಿಸಿ ಅರ್ಜಿ ಕೊಟ್ಟು ಫೀ ಕಟ್ಟಿದರೆ, ಸಬ್ ರಜಿಸ್ಟ್ರಾರ್ ಮನೆಗೇ ಬಂದು ಹೇಳಿಕೆ ಪಡೆಯಲು ಅವಕಾಶವಿದೆ. ಏಜೆಂಟರು ಇದನ್ನು ಗಿರಾಕಿಗೆ ಹೇಳಲೇಬೇಕು.

ಹಣದ ವಿಷಯ. ಫೋನ್ ಇಲ್ಲದವರು "ಕ್ಯಾಶ್ ಕೊಡಿಸಿಬಿಡು" ಅನ್ನುತ್ತಾರೆ. ಆಸ್ತಿ ಮಾರಾಟದಲ್ಲಿ 20,000 ರೂಪಾಯಿ ಅಥವಾ ಅದಕ್ಕಿಂತ ಜಾಸ್ತಿ ನಗದು ತೆಗೆದುಕೊಳ್ಳುವಂತಿಲ್ಲ. ಮುಂಗಡಕ್ಕೂ ಇದೇ ನಿಯಮ. ತೆಗೆದುಕೊಂಡರೆ ದಂಡ ಬೀಳುವುದು ತೆಗೆದುಕೊಂಡವರಿಗೆ, ಅಂದರೆ ಆ ಅಜ್ಜಿಗೆ. ಡಿಡಿ ತೆಗೆಸಿ. ಬ್ಯಾಂಕಿಗೆ ಜೊತೆಗೆ ಹೋಗಿ ಪಾಸ್‌ಬುಕ್ ಎಂಟ್ರಿ ಮಾಡಿಸಿ, ಆ ಸಾಲನ್ನು ಬೆರಳಿಟ್ಟು ತೋರಿಸಿ. ಪ್ಯಾನ್ ಇಲ್ಲದಿದ್ದರೆ ಅದರ ಬದಲಿಗೆ ಕೊಡುವ ಫಾರ್ಮಿನ ಬಗ್ಗೆ ಮೊದಲೇ ವಿಚಾರಿಸಿ. ಕೊನೆಯ ದಿನ ಓಡಾಡಿಸಬೇಡಿ.

ಇನ್ನು ಹೆಬ್ಬೆಟ್ಟು. 2023ರಲ್ಲಿ ನೋಂದಣಿಯಾದ ಪತ್ರಗಳಲ್ಲಿದ್ದ ಬೆರಳಚ್ಚು ಕದ್ದು, ಆಧಾರ್ ಮೂಲಕ ಹಣ ತೆಗೆಯುವ ವ್ಯವಸ್ಥೆಯಲ್ಲಿ ಖಾತೆ ಬರಿದು ಮಾಡಿದ ಪ್ರಕರಣಗಳು ನಮ್ಮ ರಾಜ್ಯದಲ್ಲೇ ನಡೆದವು. ಜಾಗ ಮಾರಿದ ಹಣ ಖಾತೆಯಲ್ಲಿ ಇರುವ ಹೊತ್ತು ಅದು. ಬೆರಳಚ್ಚನ್ನು ಬೇರೆಯವರು ಬಳಸದಂತೆ ಬಯೋಮೆಟ್ರಿಕ್ ಲಾಕ್ ಮಾಡಿಸಲು ಆಧಾರಿನ ಜೊತೆ ಅವರದೇ ನಂಬರ್ ಇರಬೇಕು. ಆಧಾರ್ ಸಹಾಯವಾಣಿ 1947, ಹಣ ಹೋದರೆ ಕೂಡಲೇ 1930. ಈ ಎರಡು ನಂಬರ್ ದೊಡ್ಡ ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿ ಬನ್ನಿ.

ಘಟಪ್ರಭಾ ದಂಡೆ (ಗೋಕಾಕ) – ಮಂಗಳವಾರ ರಾತ್ರಿ

ವಕೀಲ ಸಾಹೇಬರ ಮಾತು, ಕಾಕಾನ ಮಾತು ಎರಡೂ ಓದಿದೆ. ಜೇಬಿನಲ್ಲಿ ಬೆರಳು ಅಂದದ್ದು ಮನಸ್ಸಿಗೆ ನಾಟಿತು. ಒಪ್ಪುತ್ತೇನೆ.

ಆದರೆ ಒಂದು ಕೇಳುತ್ತೇನೆ. ಒಬ್ಬ ಅಜ್ಜನಿಗಾಗಿ ಎಂಟು ಸಲ ಹಳ್ಳಿಗೆ ಹೋಗಬೇಕು. ಪೆಟ್ರೋಲು, ದಿನಗಟ್ಟಲೆ ಸಮಯ. ಫೋನ್ ಇರುವ ಗಿರಾಕಿ ಎರಡು ಭೇಟಿಗೆ ಮುಗಿಯುತ್ತದೆ. ದಲಾಲಿ ಇಬ್ಬರಿಂದಲೂ ಶೇ 1. ನಮಗೂ ಮನೆ ನಡೆಯಬೇಕಲ್ಲ. ಇದನ್ನೂ ಮಾತಾಡೋಣ.

ಗುಮ್ಮಟದ ನೆರಳು (ವಿಜಯಪುರ) – ಬುಧವಾರ ಬೆಳಿಗ್ಗೆ

ಗೋಕಾಕದ ಅಣ್ಣನ ಪ್ರಶ್ನೆ ನ್ಯಾಯವಾದದ್ದು. ಎಂಟು ಸಲ ಹೋಗುವುದು ನನಗೂ ಆಗುತ್ತಿತ್ತು. ಮೂರಕ್ಕೆ ಇಳಿಸಿದ್ದೇನೆ. ಹೇಗೆ ಅಂತ ಹೇಳುತ್ತೇನೆ.

ಮೊದಲ ಭೇಟಿಗೆ ಅರ್ಧ ದಿನ ಇಟ್ಟುಕೊಳ್ಳುತ್ತೇನೆ. ಚಹಾ ಕುಡಿಯುವವರೆಗೆ ಜಾಗದ ಮಾತು ಎತ್ತುವುದಿಲ್ಲ. ಆಮೇಲೆ ಕಾಗದದ ಪೆಟ್ಟಿಗೆ ತೆಗೆಸುತ್ತೇನೆ. ಉತಾರ, ಇ-ಸ್ವತ್ತು, ಕರ ತುಂಬಿದ ಪಾವತಿ, ಹಳೇ ಖರೇದಿ ಪತ್ರ ಎಲ್ಲ ನೆಲದ ಮೇಲೆ ಹಾಸಿ, ಏನಿದೆ ಏನಿಲ್ಲ ಅಂತ ಅವರ ಎದುರಿಗೇ ಪಟ್ಟಿ ಬರೆಯುತ್ತೇನೆ. ಕಾರ್ಬನ್ ಇಟ್ಟು ಬರೆಯುತ್ತೇನೆ. ಒಂದು ಪ್ರತಿ ಅವರಿಗೆ, ಒಂದು ನನಗೆ. ಕಾರ್ಬನ್ ಹಾಳೆ ಈಗ ಎಲ್ಲ ಅಂಗಡಿಯಲ್ಲಿ ಸಿಗುವುದಿಲ್ಲ, ಒಂದು ಡಬ್ಬಿ ತಂದಿಟ್ಟುಕೊಂಡಿದ್ದೇನೆ. ಜೆರಾಕ್ಸ್ ಮಾಡಿಸಲು ಮೂಲ ಕಾಗದ ಒಯ್ಯುವಾಗ ಅವರ ಮನೆಯ ಒಬ್ಬರನ್ನು ಗಾಡಿ ಮೇಲೆ ಕೂರಿಸಿಕೊಂಡು ಹೋಗುತ್ತೇನೆ. ಮೂಲ ಕಾಗದ ಒಂದು ರಾತ್ರಿಯೂ ನನ್ನ ಹತ್ತಿರ ಇರುವುದಿಲ್ಲ.

ಎರಡನೇ ಭೇಟಿ ರೇಟಿನದು. ಆ ಭಾಗದ ಸರಕಾರಿ ಮಾರ್ಗಸೂಚಿ ದರದ ಪ್ರಿಂಟು, ಸುತ್ತಮುತ್ತ ಈಚೆಗೆ ನಡೆದ ವ್ಯವಹಾರ, ಎರಡನ್ನೂ ಅವರ ಮುಂದಿಡುತ್ತೇನೆ. ಜಮಖಂಡಿ ಅಕ್ಕನ ಅಪ್ಪಾಜಿಗೆ ಆದದ್ದು ಇಲ್ಲಿ ಆಗುವುದಿಲ್ಲ. ಕೊಳ್ಳುವವರಿಗೂ ಖರ್ಚಿನ ಚೀಟಿ ಬರೆದು ಕೊಡುತ್ತೇನೆ. ಹಿರಿಯರು ಹಳೇ ಲೆಕ್ಕದಲ್ಲೇ ಇರುತ್ತಾರೆ. ನೋಂದಣಿ ಶುಲ್ಕ ಶೇ 1 ಇದ್ದದ್ದು 2025ರ ಆಗಸ್ಟ್ 31ರಿಂದ ಶೇ 2 ಆಗಿದೆ. ಮೊದಲೇ ಹೇಳದಿದ್ದರೆ ಕಚೇರಿ ಬಾಗಿಲಲ್ಲಿ ನಿಂತು ಕೈ ಹಿಸುಕಿಕೊಳ್ಳುತ್ತಾರೆ. ಅದನ್ನು ನೋಡಲು ಆಗುವುದಿಲ್ಲ.

ಮೂರನೇ ಭೇಟಿ ಪತ್ರ ಓದುವುದಕ್ಕೆ. ಅರ್ಜಿ ತುಂಬುವುದೂ ಅಂದೇ, ಅವರ ಮನೆಯ ಕಟ್ಟೆಯ ಮೇಲೆಯೇ. ಲ್ಯಾಪ್‌ಟಾಪು ಒಯ್ದು ಅವರ ಸಾದಾ ಫೋನು ಪಕ್ಕದಲ್ಲಿಟ್ಟುಕೊಂಡು ಕೂರುತ್ತೇನೆ. ಒಟಿಪಿ ಬಂದಾಗ ಅದು ಯಾವುದಕ್ಕೆ ಬಂತು ಅಂತ ಹೇಳಿಯೇ ಹಾಕುತ್ತೇನೆ. ಸ್ಲಾಟ್ ಆರಿಸುವಾಗ ರಾಹುಕಾಲ, ಅಮಾವಾಸ್ಯೆ ಕೇಳಿಕೊಳ್ಳುತ್ತೇನೆ. ಕಂಪ್ಯೂಟರಿಗೆ ಎಲ್ಲ ದಿನ ಒಂದೇ. ಅವರಿಗೆ ಹಾಗಲ್ಲ. ಒಂದೇ ಒಂದು ಜಾಗ ಇಟ್ಟುಕೊಂಡವರು, ಅದನ್ನು ಕೊಡುವ ಹೊತ್ತು ಚೆನ್ನಾಗಿರಲಿ ಅಂತ ಬಯಸಿದರೆ ನಾವು ಹೊಂದಿಸಬೇಕು.

ಗಿರಾಕಿ ಹುಡುಕುವ ವಿಷಯದಲ್ಲಂತೂ ಈ ಹಿರಿಯರಿಂದ ನಮಗೇ ಲಾಭ. ಪ್ಲಾಟಿನ ಮೇಲೆ ಬೋರ್ಡು, ಪೇಪರಿನಲ್ಲಿ ಎರಡು ಸಾಲಿನ ಜಾಹೀರಾತು, ಸಂತೆಯ ದಿನ ಕಿರಾಣಿ ಅಂಗಡಿಯ ಕಟ್ಟೆ. ಸಂಕ್ರಾಂತಿಗೆ ಸಿದ್ಧೇಶ್ವರ ಜಾತ್ರೆಗೆ ಸುತ್ತಲಿನ ಹಳ್ಳಿಯವರೆಲ್ಲ ವಿಜಯಪುರಕ್ಕೆ ಬರುತ್ತಾರೆ. ಆ ವಾರ ನನಗೆ ಬಂದಷ್ಟು ಖಾತ್ರಿ ಗಿರಾಕಿ ಫೇಸ್‌ಬುಕ್ಕಿನಲ್ಲಿ ವರ್ಷಕ್ಕೂ ಬರುವುದಿಲ್ಲ. ಒಬ್ಬ ಅಜ್ಜ ತೃಪ್ತಿಯಿಂದ ಮನೆಗೆ ಹೋದರೆ ಓಣಿಯಲ್ಲಿ ಇನ್ನೂ ಮೂರು ಜನರಿಗೆ ಹೇಳುತ್ತಾರೆ. ಪೆಟ್ರೋಲಿನ ಲೆಕ್ಕ ಅಲ್ಲಿ ಸರಿಹೋಗುತ್ತದೆ ಅಣ್ಣ.

ಬೀಳಗಿ ಕಡೆಯವ – ಬುಧವಾರ ಮಧ್ಯಾಹ್ನ

ನಾನು ಏಜೆಂಟ್ ಅಲ್ಲ, ರೈತ. ಒಂದು ಮಾತು ಹೇಳಲೇಬೇಕು ಅನ್ನಿಸಿತು.

ಆಲಮಟ್ಟಿ ಎತ್ತರ 519.60 ಮೀಟರಿನಿಂದ 524.256ಕ್ಕೆ ಏರಿಸಿದಾಗ ಮುಳುಗುವ ಜಮೀನಿಗೆ ಪರಿಹಾರ ಎಕರೆಗೆ ನೀರಾವರಿಗಾದರೆ 40 ಲಕ್ಷ, ಒಣ ಬೇಸಾಯಕ್ಕಾದರೆ 30 ಲಕ್ಷ ಅಂತ 2025ರ ಸೆಪ್ಟೆಂಬರಿನಲ್ಲಿ ಸಚಿವ ಸಂಪುಟ ತೀರ್ಮಾನಿಸಿತು. ಆ ಸುದ್ದಿ ಬಂದ ಮೇಲೆ ನಮ್ಮ ಹಳ್ಳಿಗಳಿಗೆ ಕಾರು ಬರುವುದು ಜಾಸ್ತಿ ಆಗಿದೆ. ಲೇಔಟಿನ ಬಣ್ಣದ ಹಾಳೆ ಹಿಡಿದು ಬರುತ್ತಾರೆ. ಎನ್.ಎ. (ಕೃಷಿಯೇತರ ಜಮೀನು) ಆಗಿದೆ, ರೇರಾ (ಲೇಔಟಿನ ಸರಕಾರಿ ನೋಂದಣಿ) ಇದೆ, ಮೊಬೈಲಿನಲ್ಲಿ ನೋಡಿ ಅನ್ನುತ್ತಾರೆ. ನಮ್ಮ ಹಿರಿಯರು ಮೊಬೈಲಿನಲ್ಲಿ ಏನು ನೋಡಬೇಕು? ಮುಳುಗಡೆ ಆಗುವವರಿಗೆ ಒಮ್ಮೆ ಮಾತ್ರ ಹಣ ಬರುತ್ತದೆ. ಆ ಹಣದಲ್ಲಿ ತಪ್ಪು ಪ್ಲಾಟು ಕೊಂಡರೆ ಮತ್ತೆ ಏಳಲು ಆಗುವುದಿಲ್ಲ.

ವಕೀಲಿ ಕಾಗದ (ವಿಜಯಪುರ) – ಬುಧವಾರ ಮಧ್ಯಾಹ್ನ

ಬೀಳಗಿಯವರೇ, ರೇರಾ ಕಾಯ್ದೆ 2016ರದು. 500 ಚದರ ಮೀಟರಿಗಿಂತ ದೊಡ್ಡ ಲೇಔಟ್ ನೋಂದಣಿ ಆಗಿರಬೇಕು. ಅಂಥ ಲೇಔಟಿನ ಪ್ಲಾಟು ಮಾರಿಸುವ ಏಜೆಂಟರೂ ನೋಂದಣಿ ಆಗಿರಬೇಕು. ಎರಡೂ ಪ್ರಮಾಣಪತ್ರದ ಪ್ರಿಂಟು ಕೇಳಿ. ಕೊಡದಿದ್ದರೆ ಮುಂಗಡ ಕೊಡಬೇಡಿ. ಕೊಟ್ಟರೆ ಆ ನಂಬರನ್ನು ಗ್ರಾಮ ಒನ್ ಕೇಂದ್ರದಲ್ಲೋ, ಓದುವ ಮಕ್ಕಳ ಕೈಯಲ್ಲೋ ರೇರಾ ವೆಬ್‌ಸೈಟಿನಲ್ಲಿ ಹಾಕಿ ನೋಡಿಸಿ. ಯಾವ ಕೇಂದ್ರದಲ್ಲಿ ನೋಡಿಸಬೇಕು ಅಂತ ಏಜೆಂಟರೇ ಹೇಳಿದರೆ ಅಲ್ಲಿ ಬಿಟ್ಟು ಬೇರೆ ಕಡೆ ಹೋಗಿ.

ಜಮಖಂಡಿ ತವರು (ಈಗ ಪುಣೆ) – ಬುಧವಾರ ರಾತ್ರಿ

ಗುಮ್ಮಟದ ನೆರಳು ಅಣ್ಣ, ನೀವು ನಮ್ಮ ಊರಿನವರಾಗಿದ್ದರೆ ಎಷ್ಟು ಚೆನ್ನಾಗಿತ್ತು. ಅಪ್ಪಾಜಿಗೆ ಫೋನ್ ಮಾಡಿ ನಿಮ್ಮ ಪೋಸ್ಟು ಓದಿ ಹೇಳಿದೆ. ಕಾರ್ಬನ್ ಹಾಳೆಯ ಮಾತು ಬಂದಾಗ "ಹೌದಲ್ಲ, ಹಂಗ ಮಾಡಬೇಕು" ಅಂದರು.

ನವನಗರದ ಮಗಳು (ಬಾಗಲಕೋಟೆ) – ಎರಡು ವಾರದ ಮೇಲೆ, ರವಿವಾರ

ಎಲ್ಲರಿಗೂ ಉತ್ತರ ಕೊಡಲು ತಡವಾಯಿತು, ಕ್ಷಮಿಸಿ. ಮಾಡಿ ಮುಗಿಸಿಯೇ ಬರೆಯೋಣ ಅಂತ ಕಾದೆ.

ಮೊದಲು ಅಜ್ಜಿಯ ಆಧಾರ್ ನೋಡಿದೆ. ಕಾಕಾ ಹೇಳಿದ ಹಾಗೇ ತೀರಿಕೊಂಡ ಯಜಮಾನರ ನಂಬರ್ ಇತ್ತು. ಪೋಸ್ಟಾಫೀಸಿಗೆ ಹೋಗಿ ಕೇಳಿದೆ. ಪೋಸ್ಟ್‌ಮನ್ ಮನೆಗೆ ಬಂದರು. ಈಗ ಅಜ್ಜಿಯ ಸಾದಾ ಫೋನಿನ ನಂಬರೇ ಆಧಾರಿನಲ್ಲಿದೆ. ಅರ್ಜಿಯಲ್ಲೂ ಅದನ್ನೇ ಹಾಕಿದೆವು. ಮಗಳು ಪಕ್ಕದಲ್ಲಿ ಕೂತಿದ್ದರು.

ಆಮೇಲೆ ಖರೇದಿ ಪತ್ರದ ಕರಡು ಪ್ರಿಂಟು ಹಾಕಿಸಿ, ಅಜ್ಜಿಯ ಮುಂದೆ ಕೂತು ಮೊದಲಿನಿಂದ ಕೊನೆಯವರೆಗೆ ಓದಿದೆ. ನಾನು ಈ ಕೆಲಸಕ್ಕೆ ಬಂದ ಮೇಲೆ ಒಂದು ಪತ್ರವನ್ನು ಪೂರ್ತಿ ಗಟ್ಟಿಯಾಗಿ ಓದಿದ್ದು ಇದೇ ಮೊದಲು. ಅಜ್ಜಿ ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದರು. ನಿದ್ದೆ ಬಂತೇನೋ ಅಂದುಕೊಂಡೆ. ಚಕ್ಕುಬಂದಿ ಓದುವಾಗ ಕೈ ಎತ್ತಿದರು.

"ಪೂರ್ವಕ್ಕ ರಸ್ತೆ ಅಂದ್ಯಲ್ಲವಾ? ರಸ್ತೆ ಉತ್ತರಕ್ಕೈತಿ. ಪೂರ್ವಕ್ಕ ನಮ್ಮ ಓಣಿ ಮಾಸ್ತರರ ಪ್ಲಾಟು. ನಿಮ್ಮ ಅಜ್ಜ ಮೊದಲನೇ ದಿನ ಕರಕೊಂಡು ಹೋಗಿ ತೋರಿಸಿದ್ದರು."

ಹಂಚಿಕೆ ಪತ್ರ ತೆಗೆದು ನೋಡಿದೆ. ಅಜ್ಜಿ ಹೇಳಿದ್ದೇ ಸರಿ. ಟೈಪ್ ಮಾಡುವಾಗ ದಿಕ್ಕು ಅದಲು ಬದಲಾಗಿತ್ತು. ನಾನು ಎರಡು ಸಲ ಕಂಪ್ಯೂಟರಿನಲ್ಲಿ ನೋಡಿದ್ದೆ, ಕೊಳ್ಳುವವರು ಫೋನಿನಲ್ಲಿ ನೋಡಿ ಸರಿ ಇದೆ ಅಂದಿದ್ದರು. ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಹಾಗೇ ನೋಂದಣಿ ಆಗಿದ್ದರೆ ಮತ್ತೆ ತಿದ್ದುಪಡಿ ಪತ್ರ, ಮತ್ತೆ ಅಜ್ಜಿಯನ್ನು ಆಟೋದಲ್ಲಿ ಕರೆದುಕೊಂಡು ಓಡಾಡುವುದು.

ಕರಡು ತಿದ್ದಿಸಿದ್ದೇನೆ. ಗುರುವಾರ ಬೆಳಿಗ್ಗೆ 11 ಗಂಟೆಯ ಸ್ಲಾಟ್ ಸಿಕ್ಕಿದೆ. ಅಂದು ರಾಹುಕಾಲ ಮಧ್ಯಾಹ್ನ ಒಂದೂವರೆಗೆ ಶುರು, ಅಷ್ಟರೊಳಗೆ ಮುಗಿಯಬಹುದು. ಉಳಿದ ಹಣದ ಡಿಡಿ ತಯಾರಿದೆ. ಕಾರ್ಬನ್ ಹಾಳೆ ಇಲ್ಲಿ ಸಿಗಲಿಲ್ಲ. ಜೆರಾಕ್ಸ್ ಮಾಡಿಸಿ ಒಂದು ಫೈಲು ಅಜ್ಜಿಯ ಟ್ರಂಕಿನಲ್ಲಿ ಇಟ್ಟಿದ್ದೇನೆ.

ಘಟಪ್ರಭಾ ದಂಡೆ (ಗೋಕಾಕ) – ರವಿವಾರ ಸಂಜೆ

ಬಹಳ ಸಂತೋಷ ತಂಗಿ. ನನ್ನ ಹತ್ತಿರ ಇಬ್ಬರು ಅಜ್ಜಂದಿರ ಕೆಲಸ ನಡೆದಿದೆ. ನಾಳೆಯೇ ಪೋಸ್ಟಾಫೀಸಿಗೆ ಹೋಗುತ್ತೇನೆ. ಪೋಸ್ಟ್‌ಮನ್ ಬಂದಾಗ ಏನೇನು ಬೇಕಾಯಿತು?

ನವನಗರದ ಮಗಳು (ಬಾಗಲಕೋಟೆ) – ರವಿವಾರ ರಾತ್ರಿ

ಆಧಾರ್ ಕಾರ್ಡು, ಅಜ್ಜಿಯ ಫೋನು, ಅಜ್ಜಿಯ ಬೆರಳು. ಅಷ್ಟೇ ಅಣ್ಣ. ಆದರೆ ಸ್ವಲ್ಪ ಸಮಯ ಇಟ್ಟುಕೊಂಡು ಹೋಗಿ. ವರ್ಷಗಟ್ಟಲೆ ರೊಟ್ಟಿ ತಟ್ಟಿದ ಕೈ, ಗೆರೆ ಸವೆದಿವೆ. ಎರಡೂ ಹೆಬ್ಬೆರಳು ಮಷೀನು ಹಿಡಿಯಲಿಲ್ಲ. ಕೈ ತೊಳೆಸಿ, ಒರೆಸಿ, ಒಂದೊಂದೇ ಬೆರಳು ಇಟ್ಟು ನೋಡಿದೆವು. ಕೊನೆಗೆ ಎಡಗೈಯ ಉಂಗುರದ ಬೆರಳು ಹಿಡಿಯಿತು.